ಮರದ ಮನೆ, ಇಟ್ಟಿಗೆ ಮನೆ: ಆಯುಸ್ಸಿನ ಲೆಕ್ಕ ಹಾಕುವುದು ಎಲ್ಲಿಂದ?

ನಂದಿಬೆಟ್ಟದ ತಪ್ಪಲಿನಿಂದ ಚಿಕ್ಕಬಳ್ಳಾಪುರದ ಕಡೆಗೆ, ಅತ್ತ ಕೋಲಾರದ ಹೆದ್ದಾರಿಯ ಆಚೀಚೆ, ದ್ರಾಕ್ಷಿ ಚಪ್ಪರ ಮತ್ತು ಮಾವಿನ ತೋಪುಗಳ ನಡುವೆ ಕೆಲವು ವರ್ಷಗಳಿಂದ ಹೊಸ ಬಗೆಯ ಮನೆಗಳು ಕಾಣಿಸಿಕೊಳ್ಳುತ್ತಿವೆ. ಕಾರ್ಖಾನೆಯಲ್ಲಿ ಅಳತೆಗೆ ಕತ್ತರಿಸಿದ ಪೈನ್ ಮರವನ್ನು ಲಾರಿಯಲ್ಲಿ ತಂದು, ಕೆಲವೇ ವಾರಗಳಲ್ಲಿ ಜೋಡಿಸಿ ನಿಲ್ಲಿಸುವ, ಬಹುಮಟ್ಟಿಗೆ ಬೆಂಗಳೂರಿನಿಂದ ವಾರದ ಕೊನೆಗೆ ಬಂದು ತಂಗುವವರಿಗಾಗಿಯೇ ಮಾಡಿದ ಮನೆಗಳಿವು. ಮಾರುವವರು ಶತಮಾನದ ಬಾಳಿಕೆಯ ಮಾತಾಡುತ್ತಾರೆ. ಅದೇ ಜಮೀನಿನ ಪಕ್ಕದ ಊರಿನ ಗಾರೆ ಕೆಲಸದವರಿಗಾದರೋ, ಹುತ್ತವೆದ್ದ ಬಯಲಿನ ನಡುವೆ ಬಿಳಿ ಮರದ ಮನೆಯೊಂದು ಹತ್ತು ವರ್ಷ ನಿಂತರೆ ಅದೇ ಹೆಚ್ಚು. ಮರದ ಮನೆ ಎಷ್ಟು ಕಾಲ ಬಾಳುತ್ತದೆ, ಇಟ್ಟಿಗೆ ಮನೆ ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆ ಹೀಗಾಗಿ ಈ ಭಾಗದಲ್ಲಿ ಮೊದಲ ಬಾರಿಗೆ ಕೊಳ್ಳುವವರ ಪ್ರಶ್ನೆಯಾಗಿದೆ.

ಈ ಪ್ರಶ್ನೆಯಲ್ಲಿಯೇ ಒಂದು ತೊಡಕಿದೆ. ಇಂದು ನಾವು ಇಟ್ಟಿಗೆ ಮನೆ ಎನ್ನುವುದು ನಿಜಕ್ಕೂ ಇಟ್ಟಿಗೆಯ ಮನೆಯಲ್ಲ. ಮಾಲೂರಿನ ಇಟ್ಟಿಗೆಯದೋ ಸಿಮೆಂಟ್ ಬ್ಲಾಕಿನದೋ ಗೋಡೆಯ ಮೇಲೆ ಕಬ್ಬಿಣ ಮತ್ತು ಕಾಂಕ್ರೀಟಿನ ತಾರಸಿ ಹೊತ್ತ ಮನೆ ಅದು. ಹಾಗೆಯೇ ನಮ್ಮ ಅಜ್ಜಂದಿರ ಕಾಲದ 'ಮರದ ಮನೆ' ಕೂಡ ಪೂರ್ತಿ ಮರದ್ದಾಗಿರಲಿಲ್ಲ. ಗೋಡೆ ಮಣ್ಣಿನದೋ ಇಟ್ಟಿಗೆಯದೋ ಕಲ್ಲಿನದೋ ಆಗಿದ್ದು, ಕಂಬ, ಬೋದಿಗೆ, ತೊಲೆ, ಜಂತೆಗಳಷ್ಟೇ ಮರದವಾಗಿದ್ದವು. ಎರಡರಲ್ಲಿಯೂ ಗೋಡೆ ಹೆಚ್ಚು ತಕರಾರು ಮಾಡುವುದಿಲ್ಲ. ಮನೆಯ ಆಯುಸ್ಸು ಮೊದಲು ಮುಗಿಯುವುದು ಸೂರಿನಲ್ಲಿ ಮತ್ತು ನೆಲ ಮುಟ್ಟುವ ಜಾಗದಲ್ಲಿ. ಆದ್ದರಿಂದ ಹೋಲಿಸಬೇಕಾದದ್ದು ಮರವನ್ನು ಇಟ್ಟಿಗೆಯೊಂದಿಗಲ್ಲ, ಮರದ ಸೂರನ್ನು ಕಾಂಕ್ರೀಟಿನ ಸೂರಿನೊಂದಿಗೆ ಎಂಬುದು ಈ ಲೇಖನದ ವಾದ.

ಕಾನೂನಿನ ಪುಸ್ತಕಗಳು ಈ ವಿಷಯದಲ್ಲಿ ಏನನ್ನುತ್ತವೆ ಎಂಬುದು ಸ್ವಾರಸ್ಯಕರವಾಗಿದೆ. ನಮ್ಮ ಆದಾಯ ತೆರಿಗೆ ನಿಯಮಗಳ ಸವಕಳಿ (ವರ್ಷಾವರ್ಷ ಮೌಲ್ಯ ಇಳಿಸುವ ಲೆಕ್ಕ) ಪಟ್ಟಿಯಲ್ಲಿ ವಾಸದ ಕಟ್ಟಡಕ್ಕೆ ವರ್ಷಕ್ಕೆ ಶೇ. 5ರ ಸವಕಳಿ ಇದ್ದರೆ, 'ಮರದ ಕಟ್ಟಡಗಳಂಥ ಕೇವಲ ತಾತ್ಕಾಲಿಕ ರಚನೆ'ಗಳಿಗೆ ಶೇ. 40ರ ದರವಿದೆ. ಅಂದರೆ ಮರ ಎಂದೊಡನೆ ತೆರಿಗೆ ಇಲಾಖೆಯ ಕಣ್ಣಿಗೆ ಕಾಣುವುದು ಶೆಡ್ಡು. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯಂತೆ ಕಾರ್ಖಾನೆಯಲ್ಲದ ಕಟ್ಟಡಕ್ಕೆ ಕಾಂಕ್ರೀಟಿನ ಚೌಕಟ್ಟಿದ್ದರೆ 60 ವರ್ಷ, ಇಲ್ಲದಿದ್ದರೆ 30 ವರ್ಷ, ತಾತ್ಕಾಲಿಕ ರಚನೆಯಾದರೆ 3 ವರ್ಷ ಉಪಯುಕ್ತ ಆಯುಸ್ಸು. ಈ ಲೆಕ್ಕಕ್ಕೆ ಕಟ್ಟುಬಿದ್ದರೆ ಗಾರೆಯ ಗೋಡೆ, ತೇಗದ ತೊಲೆಗಳ ನೂರು ವರ್ಷ ಹಳೆಯ ಕಟ್ಟಡವೊಂದು ಎಪ್ಪತ್ತು ವರ್ಷಗಳ ಹಿಂದೆಯೇ ಸತ್ತಿರಬೇಕಿತ್ತು. ಜಪಾನಿನಲ್ಲಿ ಈ ವೈಚಿತ್ರ್ಯ ಇನ್ನೂ ಎದ್ದು ಕಾಣುತ್ತದೆ. ಅಲ್ಲಿನ ತೆರಿಗೆ ಲೆಕ್ಕದಲ್ಲಿ ಮರದ ವಾಸದ ಮನೆಗೆ 22 ವರ್ಷ, ಕಬ್ಬಿಣ-ಕಾಂಕ್ರೀಟಿನ ಮನೆಗೆ 47 ವರ್ಷ. ಜಗತ್ತಿನಲ್ಲಿ ಇಂದಿಗೂ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳೆಂದು ಹೆಸರಾದ, 1300 ವರ್ಷ ದಾಟಿದ ಹೋರ್ಯೂಜಿ ದೇಗುಲದ ಕಟ್ಟಡಗಳಿರುವುದೂ ಅದೇ ದೇಶದ ನಾರಾ ಪ್ರಾಂತ್ಯದಲ್ಲಿ. ತೆರಿಗೆಯ ಅಂಕಿ ಹಣದ ಮೌಲ್ಯ ಕರಗುವ ಬಗೆಯನ್ನು ಹೇಳುತ್ತದೆಯೇ ಹೊರತು ತೊಲೆ ಮುರಿಯುವ ದಿನವನ್ನಲ್ಲ.

ಮರ ತಾನಾಗಿ ಮುಪ್ಪಾಗುವುದಿಲ್ಲ. ಒಣಗಿದ ಮರವನ್ನು ಒಣಗಿಯೇ ಇಟ್ಟರೆ ಅದು ಶತಮಾನಗಳ ಕಾಲ ತನ್ನ ಬಲದಲ್ಲಿ ಹೆಚ್ಚಿನ ಪಾಲನ್ನು ಉಳಿಸಿಕೊಳ್ಳುತ್ತದೆ. ಅದನ್ನು ಕೊಳೆಸುವುದು ಶಿಲೀಂಧ್ರ. ಶಿಲೀಂಧ್ರ ಬದುಕಬೇಕಾದರೆ ಮರದ ತೇವಾಂಶ ಸ್ಥೂಲವಾಗಿ ಶೇ. 20ಕ್ಕಿಂತ ಮೇಲಿರಬೇಕು. ಮನೆಯೊಳಗಿನ ಒಣ ಮರದಲ್ಲಿ ತೇವಾಂಶ ಸಾಮಾನ್ಯವಾಗಿ ಶೇ. 12ರ ಆಸುಪಾಸಿನಲ್ಲಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಮಲೆನಾಡಿನ ಮಳೆ ಕಾಣದ ಬಯಲುಸೀಮೆಯ ಜಿಲ್ಲೆಗಳಾದ್ದರಿಂದ ಕೊಳೆಯುವಿಕೆಯ ಮಟ್ಟಿಗೆ ಇಲ್ಲಿನ ಹವೆ ಮರಕ್ಕೆ ಅನುಕೂಲವಾದದ್ದೇ. ಇದಕ್ಕೆ ಅಪವಾದ, ಸುಮಾರು 1478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿ. ಮಂಜು ಮುಸುಕುವ ಆ ಜಾಗದಲ್ಲಿ ಕಿಟಕಿಯ ಚೌಕಟ್ಟು ಒಣಗಲು ಬಿಡುವೇ ಸಿಗದ ತಿಂಗಳುಗಳಿವೆ. ಬೆಟ್ಟದ ಮೇಲೆ ಮತ್ತು ಬುಡದಲ್ಲಿ ಒಂದೇ ಮಾದರಿಯ ಮರದ ಮನೆ ನಿಲ್ಲಿಸಿ, ಎರಡಕ್ಕೂ ಒಂದೇ ಬಾಳಿಕೆಯ ಭರವಸೆ ಕೊಡುವವರ ಮಾತನ್ನು ನಂಬುವುದು ಕಷ್ಟ.

ಈ ಜಿಲ್ಲೆಗಳಲ್ಲಿ ಮರದ ನಿಜವಾದ ವೈರಿ ಮಳೆಯಲ್ಲ, ಗೆದ್ದಲು. ಕೆಂಪು ಮಣ್ಣಿನ ಬಯಲುಗಳಲ್ಲಿ ಆಳೆತ್ತರದ ಹುತ್ತ ಕಟ್ಟುವ ಜಾತಿಯೂ ಇದೆ, ಹೊರಗೆ ಹುತ್ತದ ಸುಳಿವೇ ಕೊಡದೆ ನೆಲದೊಳಗಿನಿಂದಲೇ ಮಣ್ಣಿನ ಕೊಳವೆ ಕಟ್ಟಿಕೊಂಡು ಏರಿ ಬರುವ ಜಾತಿಗಳೂ ಇವೆ. ಗೆದ್ದಲು ಇಟ್ಟಿಗೆಯನ್ನು ತಿನ್ನುವುದಿಲ್ಲ, ಆದರೆ ಇಟ್ಟಿಗೆಯ ನಡುವಿನ ಮಣ್ಣಿನ ಗಾರೆಯನ್ನು ದಾರಿ ಮಾಡಿಕೊಳ್ಳುತ್ತದೆ; ಮೂರಡಿ ದಪ್ಪದ ಮಣ್ಣಿನ ಗೋಡೆಯೊಳಗೆ ಯಾರಿಗೂ ಕಾಣದಂತೆ ಏರಿ, ಗೋಡೆಯಲ್ಲಿ ಹೂತ ಜಂತೆಯ ತುದಿಯನ್ನು ಹಿಡಿಯುತ್ತದೆ. ಹಳೆಯ ಮಾಳಿಗೆ ಮನೆಗಳನ್ನು ಬಿಚ್ಚುವಾಗ ನಡುವೆ ಗಟ್ಟಿಯಾಗಿರುವ ಜಂತೆಯ ಎರಡು ಗೇಣು ತುದಿ ಮಾತ್ರ ಪುಡಿಯಾಗಿರುವುದು ಬಡಗಿಗಳಿಗೆ ಹೊಸ ಸಂಗತಿಯಲ್ಲ. ಗೋಡೆಯಿಂದ ಹೊರಗೆ, ಗಾಳಿಯಾಡುವಲ್ಲಿದ್ದ ಮರ ಉಳಿದಿರುತ್ತದೆ; ಗೋಡೆಯೊಳಗೆ ಉಸಿರುಗಟ್ಟಿದ ಮರ ಹೋಗಿರುತ್ತದೆ.

ಮರದ ಜಾತಿ ಇಲ್ಲಿ ಎಷ್ಟು ಮುಖ್ಯ ಎಂಬುದಕ್ಕೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಹಳೆಯ ಪರೀಕ್ಷಾ ವಿಧಾನವೊಂದು ಆಧಾರ ಒದಗಿಸುತ್ತದೆ. ಮರದ ಗೂಟಗಳನ್ನು ನೆಲದಲ್ಲಿ ಅರ್ಧ ಹೂತು, ಗೆದ್ದಲು ಮತ್ತು ಶಿಲೀಂಧ್ರಗಳಿಗೆ ಒಪ್ಪಿಸಿ, ಎಷ್ಟು ತಿಂಗಳು ತಡೆಯುತ್ತವೆಂದು ನೋಡುವುದು ಆ ವಿಧಾನ. ಇದನ್ನು ಆಧರಿಸಿ ಭಾರತೀಯ ಮಾನಕ 401, ಮರದ ಚೇಗನ್ನು, ಅಂದರೆ ಕಾಂಡದ ನಡುವಿನ ಗಟ್ಟಿ ಭಾಗವನ್ನು, ಮೂರು ದರ್ಜೆ ಮಾಡುತ್ತದೆ: ಸರಾಸರಿ 120 ತಿಂಗಳು ಅಥವಾ ಹೆಚ್ಚು ಬಾಳಿದ್ದು ಮೊದಲ ದರ್ಜೆ, 60ರಿಂದ 120 ತಿಂಗಳೊಳಗಿನದು ಎರಡನೆಯದು, 60ಕ್ಕಿಂತ ಕಡಿಮೆ ಬಾಳಿದ್ದು ಮೂರನೆಯದು. ತೇಗ ಮೊದಲ ದರ್ಜೆಯಲ್ಲಿದೆ, ಮಾವು ಕೊನೆಯದರಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ಅತ್ಯುತ್ತಮ ದರ್ಜೆಯ ಮರಕ್ಕೂ ನೆಲ ಮುಟ್ಟಿ ನಿಂತಾಗ ಕೊಟ್ಟಿರುವ ಗಡಿ ಹತ್ತು ವರ್ಷದ ಮಟ್ಟದ್ದು. ನೆಲದಿಂದ ಎತ್ತಿದ ಮೇಲೆ ಅದೇ ಮರ ಇನ್ನೂರು ವರ್ಷ ನಿಲ್ಲುತ್ತದೆ. ಇನ್ನೊಂದು ಸಂಗತಿ, ಈ ದರ್ಜೆ ಚೇಗಿಗೆ ಮಾತ್ರ ಅನ್ವಯಿಸುತ್ತದೆ. ಚೇಗಿನ ಸುತ್ತಲಿನ ಬಿಳಿ ಭಾಗ, ತೇಗದ್ದೇ ಆಗಿರಲಿ, ಹುಳಕ್ಕೆ ಆಹಾರವೇ. ಇಂದು ತೇಗ ಎಂಬ ಹೆಸರಿನಲ್ಲಿ ಸಿಗುವ ಎಳೆಯ ನೆಡುತೋಪಿನ ಮರದಲ್ಲಿ ಬಿಳಿಯ ಪಾಲು ಹೆಚ್ಚಿರುವುದರಿಂದ ಅಜ್ಜನ ಬಾಗಿಲಿಗೂ ಮೊಮ್ಮಗನ ಬಾಗಿಲಿಗೂ ಬಾಳಿಕೆಯಲ್ಲಿ ಅಂತರ ಕಾಣುತ್ತದೆ.

ಹಿಂದಿನವರು ಇದನ್ನು ಮಾನಕಗಳ ಸಹಾಯವಿಲ್ಲದೆಯೇ ಅರಿತಿದ್ದರು. ತೊಟ್ಟಿ ಮನೆಯ ಮರದ ಕಂಬ ಎಂದಿಗೂ ನೇರವಾಗಿ ನೆಲದಲ್ಲಿ ನಿಲ್ಲುವುದಿಲ್ಲ. ಅದರಡಿ ಕಲ್ಲಿನ ಪೀಠವಿರುತ್ತದೆ. ಗ್ರಾನೈಟಿಗೆ ಬರವಿಲ್ಲದ ಕೋಲಾರ ಸೀಮೆಯಲ್ಲಿ ಇದು ಸುಲಭವೂ ಆಗಿತ್ತು. ಮರ ಸಾಲದಾದಲ್ಲಿ ಕಂಬವನ್ನೂ ಸೂರನ್ನೂ ಕಲ್ಲಿನದೇ ಮಾಡಿ ಚಪ್ಪಡಿ ಮನೆ ಕಟ್ಟಿದರು. ಬೆಂಗಳೂರಿನ ಕೋಟೆಯ ಬಳಿ ಹೈದರಾಲಿಯ ಕಾಲದಲ್ಲಿ ಆರಂಭವಾಗಿ 1791ರಲ್ಲಿ ಟಿಪ್ಪು ಮುಗಿಸಿದ ಬೇಸಿಗೆ ಅರಮನೆಯ ತೇಗದ ಕಂಬಗಳು ಕಲ್ಲಿನ ಪೀಠಗಳ ಮೇಲೆ ಇಂದಿಗೂ ನಿಂತಿವೆ, ಅದೂ ನಮ್ಮದಕ್ಕಿಂತ ಹೆಚ್ಚು ಬೇರೆಯಲ್ಲದ ಹವೆಯಲ್ಲಿ. ಹೋರ್ಯೂಜಿಯ ಐದು ಅಂತಸ್ತಿನ ಪಗೋಡ ಇದೇ ಪಾಠವನ್ನು ತಿರುವುಮುರುವಾಗಿ ಹೇಳುತ್ತದೆ. ಅದರ ನಡುಗಂಬವನ್ನು ಮೊದಲು ನೆಲದೊಳಗೆ ಹೂತಿದ್ದರು. ಹೂತ ಭಾಗ ಕೊಳೆತು ಬರೀ ಟೊಳ್ಳು ಉಳಿದಿತ್ತು ಎಂಬುದು 20ನೇ ಶತಮಾನದಲ್ಲಿ ಗೊತ್ತಾಯಿತು. ನೆಲದ ಮೇಲಿನ ಕಂಬ ಉಳಿದುಕೊಂಡಿತ್ತು.

ಇನ್ನು ಇಟ್ಟಿಗೆಯ ಮಾತು. ಚೆನ್ನಾಗಿ ಸುಟ್ಟ ಇಟ್ಟಿಗೆ ಬಾಳುವ ಕಾಲಕ್ಕೆ ಮಿತಿ ಹೇಳುವುದು ಕಷ್ಟ. ಹರಪ್ಪದ ಸುಟ್ಟ ಇಟ್ಟಿಗೆಗಳು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕವೂ ಎಷ್ಟು ಗಟ್ಟಿಯಾಗಿದ್ದವೆಂದರೆ 19ನೇ ಶತಮಾನದಲ್ಲಿ ರೈಲ್ವೆ ಗುತ್ತಿಗೆದಾರರು ಅವನ್ನು ಅಗೆದು ಹಳಿಯ ಕೆಳಗೆ ಹಾಸಿದರು. ಸಮಸ್ಯೆಯಿರುವುದು ಅರೆಸುಟ್ಟ ಇಟ್ಟಿಗೆಯಲ್ಲಿ. ಭಾರತೀಯ ಮಾನಕ 1077ರ ಪ್ರಕಾರ ಸಾಮಾನ್ಯ ಇಟ್ಟಿಗೆ 24 ಗಂಟೆ ನೀರಿನಲ್ಲಿ ಮುಳುಗಿದಾಗ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಹೀರಬಾರದು. ಹೆಚ್ಚು ಹೀರುವ ಇಟ್ಟಿಗೆಯೊಳಗೆ ನೆಲದ ಉಪ್ಪು ಏರಿ, ಒಣಗುವಾಗ ಹರಳುಗಟ್ಟಿ, ಗೋಡೆಯ ಬುಡದ ಎರಡಡಿ ಎತ್ತರದವರೆಗೆ ಗಿಲಾವು ಉದುರುತ್ತದೆ. ಆಳದ ಕೊಳವೆಬಾವಿಯ ಗಡಸು ನೀರಿನಲ್ಲೇ ಗಾರೆ ಕಲಸುವ ನಮ್ಮ ಊರುಗಳಲ್ಲಿ ಈ ಬಿಳಿ ಉಪ್ಪಿನ ಬೂಷ್ಟು ಮಾಮೂಲು. ನೋಡಲು ಅಸಹ್ಯವಾದರೂ ಇದರಿಂದ ಮನೆ ಬೀಳುವುದು ಅಪರೂಪ. ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕಿದ್ದರೆ ಗೋಡೆ ಮೂರು ತಲೆಮಾರು ಕಾಣುತ್ತದೆ.

ಬೀಳುವುದು ತಾರಸಿ, ಅಥವಾ ಅದಕ್ಕಿಂತ ಮೊದಲು ಸಜ್ಜೆ. ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯದೆ ಇರುವುದಕ್ಕೆ ಕಾರಣ ಸಿಮೆಂಟಿನ ಕ್ಷಾರಗುಣ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಮೈಯಿಂದ ಒಳಕ್ಕೆ ಇಳಿಯುತ್ತಾ ಆ ಕ್ಷಾರಗುಣವನ್ನು ಕಳೆಯುತ್ತದೆ. ಈ ಬದಲಾವಣೆ ಕಬ್ಬಿಣವನ್ನು ಮುಟ್ಟಿದ ದಿನದಿಂದ ಕಬ್ಬಿಣಕ್ಕೆ ರಕ್ಷಣೆಯಿಲ್ಲ. ಆ ಮೇಲೆ ಸ್ವಲ್ಪ ತೇವ ಸಿಕ್ಕರೂ ತುಕ್ಕು ಏಳುತ್ತದೆ, ತುಕ್ಕು ಮೂಲ ಕಬ್ಬಿಣದ ಹಲವು ಪಟ್ಟು ಜಾಗ ಬೇಡುವುದರಿಂದ ಕೆಳಗಿನ ಕಾಂಕ್ರೀಟು ಸಿಡಿದು ಚಕ್ಕೆಯಾಗಿ ಬೀಳುತ್ತದೆ. ಈ ಇಳಿಯುವಿಕೆ ಕಾಲದ ವರ್ಗಮೂಲದ ಲೆಕ್ಕದಲ್ಲಿ ಸಾಗುತ್ತದೆ, ಅಂದರೆ ಕಬ್ಬಿಣದ ಮೇಲಿನ ಕಾಂಕ್ರೀಟಿನ ಹೊದಿಕೆ ಅರ್ಧವಾದರೆ ಅದು ತಲುಪುವ ಕಾಲ ಕಾಲುಭಾಗಕ್ಕೆ ಇಳಿಯುತ್ತದೆ. ಕಾಂಕ್ರೀಟಿನ ಸಂಹಿತೆಯಾದ ಭಾರತೀಯ ಮಾನಕ 456, ಹದವಾದ ಹವೆಯಲ್ಲೂ 20 ಮಿಲಿಮೀಟರ್ ಹೊದಿಕೆ ಬೇಕೆನ್ನುತ್ತದೆ. ಕಂಬಿಯ ಕೆಳಗೆ ಜಲ್ಲಿಚೂರು ಸಿಕ್ಕಿಸಿ ಕಾಂಕ್ರೀಟು ಸುರಿಯುವ, ಸುರಿಯುವಾಗ ಕೆಲಸಗಾರರು ಕಂಬಿಯ ಮೇಲೆಯೇ ಓಡಾಡುವ ಪದ್ಧತಿಯಲ್ಲಿ ಆ 20 ಮಿಲಿಮೀಟರ್ ಹಲವೆಡೆ 10 ಆಗುತ್ತದೆ. ಅರವತ್ತು ವರ್ಷ ತಡೆಯಬೇಕಿದ್ದ ಹೊದಿಕೆ ಆ ಜಾಗಗಳಲ್ಲಿ ಹದಿನೈದೇ ವರ್ಷಕ್ಕೆ ಸೋಲುತ್ತದೆ.

ಇದರ ಮೇಲೆ ಬರುವುದು ನೀರುಣಿಸುವ ಸಮಸ್ಯೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಜಿಲ್ಲೆಗಳ ಕಾಂಕ್ರೀಟಿನ ಬಾಳಿಕೆಯನ್ನು ಬೇರೆ ಯಾವುದಕ್ಕಿಂತ ಹೆಚ್ಚಾಗಿ ಕಡಿಮೆ ಮಾಡುತ್ತಿರುವುದು ಅದೇ. ಸಂಹಿತೆಯಂತೆ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಈಗ ಅಂಗಡಿಯಲ್ಲಿ ಸಿಗುವ ಚೀಲಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು. ಸಾವಿರ ಅಡಿ ಕೊರೆದರೂ ನೀರು ಖಾತ್ರಿಯಿಲ್ಲದ ಊರಿನಲ್ಲಿ, ಟ್ಯಾಂಕರಿಗೆ ದುಡ್ಡು ಕೊಟ್ಟು ಮನೆ ಕಟ್ಟುವವನು ಮಾರ್ಚಿಯ ಬಿಸಿಲಿನಲ್ಲಿ ಹತ್ತು ದಿನ ತಾರಸಿಯ ಮೇಲೆ ನೀರು ನಿಲ್ಲಿಸುವುದಿಲ್ಲ. ಮೂರು ದಿನ ನಿಲ್ಲಿಸಿ ಸಾಕೆನ್ನುತ್ತಾನೆ. ಹೀಗೆ ಬಾಯಾರಿ ಒಣಗಿದ ಕಾಂಕ್ರೀಟಿನ ಹೊರಪದರ ರಂಧ್ರಮಯವಾಗಿರುತ್ತದೆ, ಗಾಳಿ ಸಲೀಸಾಗಿ ಇಳಿಯುತ್ತದೆ. ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಪರೀಕ್ಷಿಸಿ ನೋಡುವ ಖಾಸಗಿ ಮನೆ ಕೆಲಸವಂತೂ ವಿರಳ. ಹದವಾಗಿ ಮಾಡಿದ ಕಾಂಕ್ರೀಟಿನ ಸೂರು 60 ವರ್ಷ ದಾಟುತ್ತದೆ ಎಂಬುದು ನಿಜ. ಆದರೆ ಕಂಬಿ ಕಾಣುವ ತಾರಸಿಯ ಕೆಳಗೆ ಮಲಗುವ ಮನೆಗಳು ನಮ್ಮಲ್ಲಿ ಅದರ ಅರ್ಧ ವಯಸ್ಸಿನವೂ ಅಲ್ಲ.

ಮರದ ಸೂರಿಗೂ ಕಾಂಕ್ರೀಟಿನ ಸೂರಿಗೂ ಇರುವ ನಿಜವಾದ ವ್ಯತ್ಯಾಸ ಈಗ ಕಾಣುತ್ತದೆ. ಮರದ ಸೂರು ಬಿಡಿ ಭಾಗಗಳದ್ದು. ಒಂದು ಜಂತೆ ಹೋದರೆ ಪಕ್ಕದ್ದಕ್ಕೆ ಕೈಯಿಡದೆ ಅದನ್ನು ತೆಗೆದು ಬೇರೆ ಹಾಕಬಹುದು, ಹೆಂಚು ಒಡೆದರೆ ಹೆಂಚು ಬದಲಿಸಬಹುದು. ಹೋರ್ಯೂಜಿಯೂ ನಿಂತಿರುವುದು ಹೀಗೆ, ಬೇಕಾದಾಗ ಬಿಚ್ಚಿ, ಕೆಟ್ಟದ್ದನ್ನು ತೆಗೆದು, ಮರುಜೋಡಿಸಿ. ಕಾಂಕ್ರೀಟು ಏಕಶಿಲೆ, ಅದರ ಒಂದು ಮೂಲೆ ಕೆಟ್ಟರೆ ತೇಪೆ ಹಾಕಬಹುದು, ಆದರೆ ಒಳಗಿನ ತುಕ್ಕಿಗೆ ತೇಪೆಯ ಹಂಗಿಲ್ಲ. ಇದಕ್ಕೆ ಪ್ರತಿಯಾಗಿ ಮರದ ಸೂರು ವರ್ಷಾವರ್ಷ ನೋಡಿಕೊಳ್ಳುವ ಕೈಯನ್ನು ಬೇಡುತ್ತದೆ, ಕಾಂಕ್ರೀಟು ಮೊದಲ ಇಪ್ಪತ್ತು ವರ್ಷ ಏನನ್ನೂ ಕೇಳುವುದಿಲ್ಲ. ಮಣ್ಣಿನ ಮಾಳಿಗೆಗೆ ಪ್ರತಿ ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ಹಾಕುವ, ಹೆಂಚು ಕೈಯಾಡಿಸುವ ಕೆಲಸ ಬಿಟ್ಟುಹೋದ ವರ್ಷದಿಂದಲೇ ಹಳೆಯ ಮನೆಗಳು ಕುಸಿಯತೊಡಗಿದವು ಎಂಬುದನ್ನು ಮರದ ಪರ ಮಾತಾಡುವವರು ಮರೆಯಬಾರದು. ವಾರಕ್ಕೊಮ್ಮೆ ಬಂದುಹೋಗುವ ತೋಟದ ಮನೆಯಲ್ಲಿ ಗೆದ್ದಲಿನ ಕೊಳವೆ ಮೂರು ತಿಂಗಳು ಯಾರ ಕಣ್ಣಿಗೂ ಬೀಳದಿರಬಹುದು.

ಮನೆಗಳು ಸಾಯುವುದು ಬಹಳ ಸಲ ಮುಪ್ಪಿನಿಂದಲೂ ಅಲ್ಲ. ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ 2000ದಿಂದ 2003ರ ನಡುವೆ ಕೆಡವಿದ 227 ಕಟ್ಟಡಗಳ ಸಮೀಕ್ಷೆಯಲ್ಲಿ, ಕೆಡವಲು ಹೆಚ್ಚಿನ ಕಾರಣ ಜಾಗದ ಮರುಬಳಕೆಯೇ ಹೊರತು ಕಟ್ಟಡದ ವಸ್ತುವಲ್ಲವೆಂದು ಕಂಡಿತು. ಕೆಡವಿದ ಮರದ ಕಟ್ಟಡಗಳಲ್ಲಿ ಬಹುಪಾಲು 75 ವರ್ಷ ದಾಟಿದ್ದರೆ, ಕಾಂಕ್ರೀಟಿನವುಗಳಲ್ಲಿ ಅರ್ಧಕ್ಕಿಂತ ಹೆಚ್ಚು 50 ಮುಟ್ಟಿರಲಿಲ್ಲ. ಮರದ ಉದ್ಯಮಕ್ಕೆ ಹತ್ತಿರವಿದ್ದವರಿಗಾಗಿ ನಡೆದ ಸಮೀಕ್ಷೆ ಅದೆಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ನಮ್ಮಲ್ಲಿಯೂ ತೊಟ್ಟಿ ಮನೆಗಳನ್ನು ಹೆಚ್ಚಾಗಿ ಮುಗಿಸಿದ್ದು ಗೆದ್ದಲಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿ. ತೊಟ್ಟಿಯ ನಡುವೆ ಗೋಡೆ ಎದ್ದ ಮೇಲೆ ಮಳೆನೀರು ಹೋಗಲು ದಾರಿಯಿರದೆ, ಅತ್ತ ದುರಸ್ತಿಗೆ ಒಬ್ಬರೂ ಕೈಹಾಕದೆ, ಗಟ್ಟಿ ಮರವೂ ಕೊಳೆಯಿತು.

ಬೆಂಕಿಯ ಭಯ ಸುಳ್ಳಲ್ಲ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದರಿಂದಲೇ ಈಗಿನ ಅರಮನೆ ಕಟ್ಟಬೇಕಾಯಿತು. ದಪ್ಪ ತೊಲೆ ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಕರಕಲಾಗಿ ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ ಎಂಬುದು ಸರಿ, ಆದರೆ ಈಗ ಮಾರಾಟಕ್ಕಿರುವ ಮನೆಗಳ ಹಲಗೆಗಳಿಗೆ ಆ ದಪ್ಪವಿಲ್ಲ.

ಮರ ಎಲ್ಲಿಂದ ಬರಬೇಕು ಎಂಬುದು ಬೇರೆಯೇ ತೊಡಕು. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರದ ಬಳಕೆಗೆ ಹಾಕಿದ್ದ ನಿಷೇಧವನ್ನು 2020ರಲ್ಲಿ ತೆಗೆದುಹಾಕಿತು. ನಡುವೆ 1996ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ಗೋದವರ್ಮನ್ ಆದೇಶ ಕಾಡಿನ ಮರಕ್ಕೆ ಕಡಿವಾಣ ಹಾಕಿತ್ತು. ಈ ಜಿಲ್ಲೆಗಳಲ್ಲಿ ಹೇರಳವಾಗಿರುವುದು ನೀಲಗಿರಿ. 'ಮೈಸೂರು ಗಮ್' ಎಂದು ದೇಶವೆಲ್ಲ ಹಬ್ಬಿದ ತಳಿಯ ತವರೇ ನಂದಿಬೆಟ್ಟ. ಆದರೆ ಒಣಗುವಾಗ ಸೀಳುವ, ತಿರುಚುವ ಆ ಮರ ಕಾಂಕ್ರೀಟು ಸುರಿಯುವಾಗ ಕೆಳಗೆ ಆನಿಸುವ ಕಂಬವಾಗಿಯಷ್ಟೇ ಮನೆ ಕಟ್ಟಲು ಒದಗುತ್ತಿದೆ, ಮತ್ತು ಅಂತರ್ಜಲದ ಕಾರಣಕ್ಕೆ 2017ರಲ್ಲಿ ರಾಜ್ಯ ಸರ್ಕಾರ ಅದನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಹಾಗಾಗಿ ಉಳಿದದ್ದು ಹಡಗಿನಲ್ಲಿ ಬರುವ ಪೈನ್, ಸ್ಪ್ರೂಸ್, ಹೆಮ್‌ಲಾಕ್.

ಶೀತ ದೇಶಗಳ ಈ ಮರಗಳಿಗೆ ನಮ್ಮ ಗೆದ್ದಲಿನೆದುರು ಸ್ವಂತ ಬಲವಿಲ್ಲ, ಔಷಧವೇ ಗತಿ. ಔಷಧ ಎಂದರೆ ಮೇಲೆ ಬಳಿಯುವ ಬಣ್ಣವಲ್ಲ. ಮುಚ್ಚಿದ ಕೊಳವೆಯಲ್ಲಿ ಒತ್ತಡ ಹಾಕಿ ಮರದೊಳಕ್ಕೆ ಇಳಿಸಬೇಕು. ಪೈನಿನ ಬಿಳಿಭಾಗ ಅದನ್ನು ಚೆನ್ನಾಗಿ ಹೀರುತ್ತದೆ, ಸ್ಪ್ರೂಸ್ ಅಷ್ಟು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಯಾವ ಮರ, ಯಾವ ಔಷಧ, ಎಷ್ಟು ಆಳ ಎಂದು ಬರಹದಲ್ಲಿ ಕೇಳುವುದು ಅಗತ್ಯ. ಬೋರಾಕ್ಸಿನಂಥ ಔಷಧ ಮಳೆಗೆ ಕರಗಿ ಹೋಗುವುದರಿಂದ ಹೊರಗೋಡೆಗೆ ಅದು ಸಲ್ಲದು. ಜೋಡಿಸುವಾಗ ಗರಗಸ ತಾಗಿದ ಪ್ರತಿ ತುದಿಯಲ್ಲೂ ಔಷಧವಿಲ್ಲದ ಒಳಮರ ಹೊರಬರುತ್ತದೆ, ಅಲ್ಲಿಗೆ ಮತ್ತೆ ಔಷಧ ಹಚ್ಚಿದರೇ ಎಂದು ನೋಡಬೇಕು. ನೆಲಕ್ಕೆ ಭಾರತೀಯ ಮಾನಕ 6313ರಂತೆ ಗೆದ್ದಲು ನಿರೋಧಕ ಹಾಕಿದ್ದರೂ ಅದು ವರ್ಷಗಳು ಕಳೆದಂತೆ ಬಲ ಕಳೆದುಕೊಳ್ಳುತ್ತದೆ. ಮನೆಯನ್ನು ನೆಲದಿಂದ ಎರಡಡಿಯಾದರೂ ಎತ್ತಿ ಕಲ್ಲುಕಂಬದ ಮೇಲೆ ನಿಲ್ಲಿಸಿದ್ದರೆ, ಕೆಳಗೆ ಬಗ್ಗಿ ನೋಡಲು ಜಾಗವಿದ್ದರೆ, ಕೊಳವೆ ಕಂಡ ದಿನವೇ ಒಡೆಯಬಹುದು. ಈ ಷರತ್ತುಗಳೆಲ್ಲ ಈಡೇರಿದ ಮರದ ಮನೆ ಬಯಲುಸೀಮೆಯಲ್ಲಿ ಸಾಮಾನ್ಯ ಕಾಂಕ್ರೀಟು ಮನೆಯಷ್ಟು ಕಾಲ ನಿಲ್ಲದಿರಲು ಕಾರಣ ಕಾಣುವುದಿಲ್ಲ. ಒಂದು ತಪ್ಪಿದರೂ ಗಾರೆ ಕೆಲಸದವರ ಹತ್ತು ವರ್ಷದ ಅಂದಾಜೇ ಸರಿಯಾಗುತ್ತದೆ.

ಇಂಥ ಮನೆ ಕೊಳ್ಳುವವರು ಔಷಧದ ಹೆಸರು ಕೇಳಬೇಕಾದುದಕ್ಕೆ ಇನ್ನೊಂದು ಕಾರಣವಿದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ಔಷಧವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅದೇ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶಂ. ಜಗತ್ತಿನ ವಿದ್ಯುತ್ ಕಂಬಗಳನ್ನೂ ಬೇಲಿಗಳನ್ನೂ ದಶಕಗಳ ಕಾಲ ಕಾಪಾಡಿದ್ದು ಅದು. ಅಮೆರಿಕದಲ್ಲಿ ವಾಸದ ಮನೆಗಳ ಬಳಕೆಯಿಂದ ಅದನ್ನು 2003ರ ಕೊನೆಗೆ ಹಿಂತೆಗೆದುಕೊಂಡರು. ಹಳೆಯ ತೊಲೆ, ಮುರಿದ ಬಾಗಿಲು ಏನಿದ್ದರೂ ಹಂಡೆ ಒಲೆಗೆ ಹಾಕಿ ನೀರು ಕಾಯಿಸುವುದು ನಮ್ಮ ಹಳ್ಳಿಗಳ ರೂಢಿ. ಈ ಔಷಧ ಹೀರಿದ ಮರದ ಚೂರುಗಳನ್ನು ತೋಟದ ಆಳುಮನೆಯವರಿಗೆ ಸೌದೆಗೆಂದು ಕೊಡುವಂತಿಲ್ಲ, ಏಕೆಂದರೆ ಆರ್ಸೆನಿಕ್ ಸುಟ್ಟರೂ ನಾಶವಾಗದೆ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಉಳಿಯುತ್ತದೆ, ಮತ್ತು ಆ ಬೂದಿ ಪಾತ್ರೆ ತೊಳೆಯಲೋ ತಿಪ್ಪೆಗೋ ಹೋಗುತ್ತದೆ.